ಎನಾಮೆಲ್ ಬೀಡು ಪಾತ್ರೆ: ಬಿಸಿ ಹಿಡಿದರೆ ಬೇಗ ಬಿಡುವುದಿಲ್ಲ

ಮುಚ್ಚಳ ಸೇರಿ ಐದು ಕಿಲೋಗಿಂತ ಜಾಸ್ತಿ ತೂಗುವ ಪಾತ್ರೆಯನ್ನು ದಿನದ ಅಡುಗೆಗೆ ಯಾರಾದರೂ ಕೊಳ್ಳುತ್ತಾರಾ? ನಾನು ಕೊಂಡೆ. ಹೊರಗೆ ಕಡು ಹಸಿರು, ಒಳಗೆ ಕೆನೆ ಬಣ್ಣ. ಎರಡು ಪಕ್ಕಕ್ಕೂ ಗಿಡ್ಡ ಹಿಡಿ. ಐದು ಲೀಟರ್ ಹಿಡಿಯುತ್ತದೆ. ಬೀಡು ಕಬ್ಬಿಣದ ಮೇಲೆ ಎನಾಮೆಲ್ ಹೊದಿಸಿದ, ಡಚ್ ಓವನ್ ಅಂತ ಕರೆಯುವ ಪಾತ್ರೆ ಇದು. ಕಂಪನಿಯ ಹೆಸರು ಹೇಳುವುದಿಲ್ಲ. ಕೆಳಗೆ ಕೆಲವು ದೂರುಗಳೂ ಇವೆ. ಅದೂ ಅಲ್ಲದೆ, ನಾನು ಹೇಳುವ ಮುಕ್ಕಾಲು ಪಾಲು ಈ ಜಾತಿಯ ಪಾತ್ರೆಗಳಿಗೆಲ್ಲ ಅನ್ವಯಿಸುತ್ತದೆ.

ನಾನು ಮಾಡುವ ಅಡುಗೆ ದೊಡ್ಡ ಆಡಂಬರದ್ದಲ್ಲ. ಕೆಲಸ ಮುಗಿಸಿ ಬಂದ ಮೇಲೆ ಬಟ್ಟಲಿಗೆ ಹಾಕಿಕೊಂಡು ಕಾಲು ಮಡಚಿ ಕೂತು ತಿನ್ನುವಂಥದ್ದು. ಟೊಮೆಟೊ ಸೂಪ್, ಮೆತ್ತಗೆ ಬೆಂದ ಕಾಳು, ಚೀಸ್ ಹಾಕಿದ ಮ್ಯಾಕರೋನಿ, ರಜಾದಿನ ಒಂದು ಬ್ರೆಡ್. ಮಗಳಿಗೆ ಊಟದ ಕೊನೆಗೆ ಸಿಹಿ ಏನಾದರೂ ಬೇಕೇ ಬೇಕು. ಹಾಗಾಗಿ ಹಾಲು, ಅಕ್ಕಿ, ಸೇಬು, ಕೋಕೋ ಪುಡಿ ಇಷ್ಟರಲ್ಲೇ ಮುಗಿಯುವ ಸಿಹಿಗಳನ್ನು ಮಾಡುತ್ತೇನೆ. ಈ ಪಾತ್ರೆಯನ್ನು ಅಳೆಯುವುದಾದರೆ ಇಂಥ ಅಡುಗೆಯಿಂದಲೇ ಅಳೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಸೂಪ್, ಕಾಳು, ಬ್ರೆಡ್, ಹಾಲಿನ ಪುಡಿಂಗ್ ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯ ಪಾತ್ರೆ ನಾನು ಬಳಸಿಲ್ಲ. ಮೊಟ್ಟೆಯ ಕಸ್ಟರ್ಡ್, ಸಕ್ಕರೆ ಕ್ಯಾರಮೆಲ್ ಇವಕ್ಕೆ ಇದನ್ನು ಒಲೆ ಮೇಲೆ ಇಡುವುದಕ್ಕೇ ನಾನು ಹಿಂದೆಮುಂದೆ ನೋಡುತ್ತೇನೆ. ಎರಡಕ್ಕೂ ಕಾರಣ ಒಂದೇ. ಬಿಸಿಯಾದರೆ ಇದು ಬೇಗ ಆರುವುದಿಲ್ಲ.

ಮಾರುವವರು ಇದನ್ನು ಹೊಗಳುವಾಗ ಹೇಳುವ ಒಂದು ಮಾತು ಮಾತ್ರ ಸುಳ್ಳು. "ಬಿಸಿಯನ್ನು ಎಲ್ಲ ಕಡೆ ಸಮನಾಗಿ ಹರಡುತ್ತದೆ" ಅನ್ನುತ್ತಾರೆ. ಬೀಡು ಕಬ್ಬಿಣ ಆ ಕೆಲಸದಲ್ಲಿ ಬಹಳ ನಿಧಾನ. ಶಾಖ ಸಾಗಿಸುವುದರಲ್ಲಿ ಅದು ಅಲ್ಯೂಮಿನಿಯಂನ ಸುಮಾರು ನಾಲ್ಕರಲ್ಲಿ ಒಂದು ಪಾಲು, ತಾಮ್ರದ ಮುಂದೆ ಇನ್ನೂ ಕಡಿಮೆ. ಸಣ್ಣ ಬರ್ನರ್ ಮೇಲೆ ಇಟ್ಟು ಜೋರು ಉರಿ ಕೊಟ್ಟು ನೋಡಿ. ನಡುವೆ ಈರುಳ್ಳಿ ಕಪ್ಪಾಗುತ್ತಿರುತ್ತದೆ, ಅಂಚಿನಲ್ಲಿ ಹಸಿಯಾಗಿಯೇ ಇರುತ್ತದೆ. ಇನ್ನು ಬಿಸಿ ಹಿಡಿದಿಡುವ ಗುಣವೂ ಕಬ್ಬಿಣದ ಪವಾಡ ಏನಲ್ಲ. ಗ್ರಾಂಗೆ ಗ್ರಾಂ ಲೆಕ್ಕ ಹಾಕಿದರೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಶಾಖ ಹಿಡಿಯುತ್ತದೆ. ಆದರೆ ಐದು ಕಿಲೋ ಅಲ್ಯೂಮಿನಿಯಂ ಪಾತ್ರೆ ಯಾರ ಮನೆಯಲ್ಲೂ ಇರುವುದಿಲ್ಲ ಅಲ್ವಾ? ಇದರ ಶಕ್ತಿ ಎಲ್ಲ ಇದರ ತೂಕದಲ್ಲಿದೆ. ತೂಕ ಕಡಿಮೆ ಇರುವ "ಲೈಟ್" ಮಾದರಿ ಅಂತ ಯಾರಾದರೂ ಮಾರಿದರೆ, ಯಾವುದಕ್ಕಾಗಿ ಕೊಳ್ಳುತ್ತಿದ್ದೀರೋ ಅದನ್ನೇ ಸ್ವಲ್ಪ ಕಳೆದು ಕೊಡುತ್ತಿದ್ದಾರೆ ಅಂತ ತಿಳಿಯಿರಿ.

ಹಾಗಾಗಿ ಇದನ್ನು ಬಳಸುವ ರೀತಿ ಬೇರೆ. ಮೊದಲು ಸಣ್ಣ ಉರಿಯಲ್ಲಿ, ಸ್ವಲ್ಪ ಎಣ್ಣೆಯೋ ಬೆಣ್ಣೆಯೋ ಹಾಕಿ, ಐದು ಹತ್ತು ನಿಮಿಷ ಬಿಡಬೇಕು. ಖಾಲಿ ಪಾತ್ರೆಯನ್ನು ಜೋರು ಉರಿಯಲ್ಲಿ ಕಾಯಿಸಬಾರದು. ಒಳಗಿನ ಲೇಪ ನಿಜಕ್ಕೂ ಗಾಜು. ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಲೇಪಿಸಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಅಂಟಿಸಿರುತ್ತಾರೆ. ಶಾಖದ ಹೆಚ್ಚುಕಡಿಮೆ ದಿಢೀರನೆ ಆದರೆ ಕಬ್ಬಿಣ ಒಂದು ರೀತಿ ಹಿಗ್ಗುತ್ತದೆ, ಗಾಜು ಇನ್ನೊಂದು ರೀತಿ. ಕೂದಲೆಳೆಯಂಥ ಬಿರುಕು ಬೀಳುವುದು ಹೀಗೆ. ಬಿಸಿ ಪಾತ್ರೆಯನ್ನು ತಣ್ಣೀರಿನ ನಲ್ಲಿ ಕೆಳಗೆ ಹಿಡಿಯಬೇಡಿ ಅನ್ನುವುದೂ ಇದಕ್ಕೇ.

ಒಮ್ಮೆ ಕಾದ ಮೇಲೆ ಉರಿ ಎಷ್ಟು ಸಣ್ಣದಾದರೂ ಸಾಕು. ನನಗೆ ಇದರಲ್ಲಿ ತುಂಬಾ ಇಷ್ಟವಾಗಿದ್ದು ಇದೇ.

ಈರುಳ್ಳಿಯನ್ನೇ ತೆಗೆದುಕೊಳ್ಳಿ. ಒಂದು ಕಿಲೋ ಈರುಳ್ಳಿ ತೆಳ್ಳಗೆ ಹೆಚ್ಚಿ, ಬೆಣ್ಣೆ ಹಾಕಿ, ಒಂದು ಚಿಟಿಕೆ ಉಪ್ಪು ಹಾಕಿ ಮುಚ್ಚಳ ಮುಚ್ಚುತ್ತೇನೆ. ಕಾಲು ಗಂಟೆಯಲ್ಲಿ ಅದು ತನ್ನದೇ ನೀರು ಬಿಟ್ಟು ಸೊರಗಿ ಕೂರುತ್ತದೆ. ಆಮೇಲೆ ಮುಚ್ಚಳ ತೆಗೆದು, ಸಣ್ಣ ಉರಿಯಲ್ಲೇ ಇನ್ನು ಮುಕ್ಕಾಲು ಗಂಟೆ. ತೆಳು ಪಾತ್ರೆಯಾದರೆ ಅಷ್ಟು ಹೊತ್ತೂ ಒಲೆ ಮುಂದೆಯೇ ನಿಂತಿರಬೇಕು. ಇದರಲ್ಲಿ ಹತ್ತು ನಿಮಿಷಕ್ಕೊಮ್ಮೆ ಬಂದು ಮರದ ಸೌಟಿನಿಂದ ತಿರುವಿದರೆ ಆಯಿತು. ತಳದಲ್ಲಿ ಕಂದು ಪೊರೆ ಕಟ್ಟುತ್ತದೆ. ಅದು ಸೀದದ್ದಲ್ಲ, ರುಚಿ ಇರುವುದೇ ಅಲ್ಲಿ. ಎರಡು ಚಮಚ ನೀರು ಹಾಕಿ ಕೆರೆದರೆ ಎದ್ದು ಬಂದು ಈರುಳ್ಳಿಗೇ ಬಣ್ಣ ಹತ್ತುತ್ತದೆ. ಒಳಗೆ ಕೆನೆ ಬಣ್ಣ ಇರುವ ಪಾತ್ರೆಯನ್ನೇ ಆರಿಸಿ ಅಂತ ನಾನು ಹೇಳುವುದು ಇದಕ್ಕೆ. ಪೊರೆ ಹೊಂಬಣ್ಣದಲ್ಲಿದೆಯೋ ಕಪ್ಪಿಗೆ ತಿರುಗಿತೋ ಕಣ್ಣಿಗೆ ಕಾಣಿಸುತ್ತದೆ. ಒಳಗೂ ಕಪ್ಪಾಗಿರುವ ಮಾದರಿಗಳಲ್ಲಿ ಅದು ಗೊತ್ತಾಗುವುದು ವಾಸನೆ ಬಂದ ಮೇಲೆ. ಬೇಗ ಕೆಂಪಗಾಗಲಿ ಅಂತ ಅಡುಗೆ ಸೋಡಾ ಹಾಕುವವರಿದ್ದಾರೆ. ಬಣ್ಣ ಬೇಗ ಬರುತ್ತದೆ ನಿಜ, ಆದರೆ ಈರುಳ್ಳಿ ಮುದ್ದೆಯಾಗುತ್ತದೆ. ನನಗೆ ಆ ಅವಸರ ಬೇಡ.

ಟೊಮೆಟೊ ಸೂಪಿಗೆ ಎನಾಮೆಲ್ ಲೇಪದ ಬೆಲೆ ಗೊತ್ತಾಗುತ್ತದೆ. ಲೇಪವಿಲ್ಲದ ಬೀಡು ಬಾಣಲೆಯಲ್ಲಿ ಟೊಮೆಟೊವನ್ನು ಗಂಟೆಗಟ್ಟಲೆ ಕುದಿಸಿದರೆ ಹುಳಿ ಕಬ್ಬಿಣವನ್ನು ತಿಂದು, ಸೂಪಿಗೆ ಲೋಹದ ಒಗರು ಬರುತ್ತದೆ. ಪಳಗಿಸಿದ ಎಣ್ಣೆಯ ಪದರವೂ ಸವೆಯುತ್ತದೆ. ಗಾಜಿಗೆ ಹುಳಿಯ ಭಯ ಇಲ್ಲ. ಟೊಮೆಟೊ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಕ್ಯಾರೆಟ್, ಬೆಣ್ಣೆ. ಮುಚ್ಚಳ ಮುಚ್ಚಿ ಮುಕ್ಕಾಲು ಗಂಟೆ. ಆಮೇಲೆ ಕಡೆದು ಸ್ವಲ್ಪ ಕ್ರೀಮ್. ಕ್ಯಾರೆಟ್ ಹಾಕಿದರೆ ಸಕ್ಕರೆ ಬೇಕಾಗುವುದಿಲ್ಲ. ಉಳಿದ ಸೂಪನ್ನು ಪಾತ್ರೆ ಸಮೇತ ಫ್ರಿಜ್‌ನಲ್ಲಿ ಇಡಬಹುದು, ಹುಳಿ ಏನೂ ಮಾಡುವುದಿಲ್ಲ. ಆದರೆ ಪಾತ್ರೆ ಪೂರ್ತಿ ಆರಿರಬೇಕು, ಮತ್ತು ಅದು ಆರುವುದಕ್ಕೆ ತುಂಬಾ ಹೊತ್ತು ಬೇಕು. ಅಡುಗೆಯನ್ನು ಅಷ್ಟು ಹೊತ್ತು ಹೊರಗೆ ಬೆಚ್ಚಗೆ ಬಿಡುವುದು ಒಳ್ಳೆಯದಲ್ಲ. ಅದಕ್ಕೇ ನಾನು ಬೇರೆ ಅಗಲದ ಪಾತ್ರೆಗೆ ಬಗ್ಗಿಸಿಬಿಡುತ್ತೇನೆ.

ಕಾಳಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ನಮ್ಮ ಮನೆಯಲ್ಲಿ ಈ ಪಾತ್ರೆಯಲ್ಲಿ ಹೆಚ್ಚು ಆಗುವುದು ಅದೇ. ರಾಜ್ಮಾ ಅಥವಾ ಬಿಳಿ ಬೀನ್ಸ್ ಕಾಳನ್ನು ಉಪ್ಪು ನೀರಿನಲ್ಲಿ ರಾತ್ರಿ ನೆನೆಸುತ್ತೇನೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವ ಮಾತಿದೆ. ಆಗುವುದು ಅದರ ಉಲ್ಟಾ. ಉಪ್ಪು ನೀರಿನಲ್ಲಿ ನೆನೆದ ಕಾಳಿನ ಸಿಪ್ಪೆ ಮೆತ್ತಗಾಗುತ್ತದೆ, ಒಡೆಯುವುದು ಕಡಿಮೆ. ಬೇಯುವುದನ್ನು ತಡೆಯುವುದು ಹುಳಿ. ಆದ್ದರಿಂದ ಟೊಮೆಟೊ ಕೊನೆಗೆ, ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವಂತೆ ಆದ ಮೇಲೆಯೇ. ನೆನೆಸಿದ ನೀರು ಚೆಲ್ಲಿ ಹೊಸ ನೀರು ಹಾಕಿ, ಮೊದಲು ಜೋರಾಗಿ ಕುದಿಸಬೇಕು. ರಾಜ್ಮಾದಂಥ ಕಾಳಿನಲ್ಲಿ ಹೊಟ್ಟೆ ಕೆಡಿಸುವ ಒಂದು ವಿಷದ ಅಂಶ ಇರುತ್ತದೆ. ಕನಿಷ್ಠ 10 ನಿಮಿಷ, ನಾನು ಅರ್ಧ ಗಂಟೆಯೇ ಬಿಡುತ್ತೇನೆ, ಕೊತಕೊತ ಕುದಿದರೆ ಅದು ಹೋಗುತ್ತದೆ. ಬರೀ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಹೋಗುವುದಿಲ್ಲ. ಕರೆಂಟಿನ ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾ ನೇರವಾಗಿ ಹಾಕಬಾರದು ಅನ್ನುವುದು ಇದಕ್ಕೇ. ಈ ಪಾತ್ರೆಯಲ್ಲಿ ಜೋರು ಕುದಿಯೂ ಸಣ್ಣ ಬೇಯುವಿಕೆಯೂ ಒಂದರಲ್ಲೇ ಆಗುತ್ತದೆ, ಎತ್ತಿ ಸುರಿಯುವ ಕೆಲಸವಿಲ್ಲ.

ಕುದಿ ಮುಗಿದ ಮೇಲೆ ಮುಚ್ಚಳ ಮುಚ್ಚಿ 130 ಡಿಗ್ರಿಯ ಓವನ್ ಒಳಗೆ ಇಟ್ಟುಬಿಡುತ್ತೇನೆ. ಎರಡು ಗಂಟೆ ನೋಡುವುದೇ ಇಲ್ಲ. ಮುಚ್ಚಳ ಭಾರ ಇರುವುದರಿಂದ ಹಬೆ ಅಷ್ಟಾಗಿ ಹೊರಗೆ ಹೋಗುವುದಿಲ್ಲ, ಮೇಲೆ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಮುಚ್ಚಳದ ಒಳಗೆ ಸಣ್ಣ ಮುಳ್ಳುಮುಳ್ಳು ಇರುವ ಮಾದರಿಗಳೂ ಇವೆ. ಹನಿ ಎಲ್ಲ ಕಡೆ ಸಮನಾಗಿ ಬೀಳಲಿ ಅಂತ ಅಂತೆ. ನನ್ನ ತಂಗಿಯ ಮನೆಯಲ್ಲಿ ಅಂಥದ್ದಿದೆ. ಅವಳ ಕಾಳಿಗೂ ನನ್ನ ಕಾಳಿಗೂ ನನ್ನ ನಾಲಿಗೆಗೆ ವ್ಯತ್ಯಾಸ ತಿಳಿಯಲಿಲ್ಲ. ಅದಕ್ಕಾಗಿ ಹೆಚ್ಚು ದುಡ್ಡು ಕೊಡುವುದು ಸುಮ್ನೆ.

ಕುಕ್ಕರ್ ಇರುವಾಗ ಇಷ್ಟು ಹೊತ್ತು ಯಾಕೆ ಅಂತ ಅತ್ತೆ ಕೇಳುತ್ತಲೇ ಇರುತ್ತಾರೆ. ನ್ಯಾಯವಾದ ಪ್ರಶ್ನೆ. ಪ್ರೆಶರ್ ಕುಕ್ಕರ್ ಒಳಗೆ ನೀರು 120 ಡಿಗ್ರಿ ಹತ್ತಿರ ಕುದಿಯುತ್ತದೆ, ಕಾಳು ಅರ್ಧ ಗಂಟೆಯ ಒಳಗೆ ಮುಗಿಯುತ್ತದೆ. ಕೆಲಸದ ದಿನ ನಾನೂ ಅದನ್ನೇ ಬಳಸುತ್ತೇನೆ. ಆದರೆ ಕುಕ್ಕರ್‌ನಲ್ಲಿ ಬೆಂದ ಕಾಳಿನ ನೀರು ನೀರಾಗಿಯೇ ಇರುತ್ತದೆ. ಇದರಲ್ಲಿ ಕೊನೆಯ ಅರ್ಧ ಗಂಟೆ ಮುಚ್ಚಳ ತೆಗೆದು ಬಿಟ್ಟರೆ ಅದು ಗಟ್ಟಿಯಾಗಿ, ಕಾಳಿಗೆ ಅಂಟಿಕೊಂಡು, ಮೇಲೆ ತೆಳುವಾಗಿ ಕೆಂಪು ಪದರ ಕಟ್ಟುತ್ತದೆ. ಅತ್ತೆಯೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ, ಪ್ರಶ್ನೆ ಮಾತ್ರ ಬಿಡುವುದಿಲ್ಲ.

ಮ್ಯಾಕರೋನಿ ಚೀಸ್ ಚೆನ್ನಾಗಿ ಆಗುತ್ತದೆ, ಒಂದು ಎಚ್ಚರಿಕೆ ಇದೆ. ಬೆಣ್ಣೆ, ಮೈದಾ, ಹಾಲಿನ ಬಿಳಿ ಸಾಸ್ ಗಟ್ಟಿಯಾದ ತಕ್ಷಣ ಉರಿ ಆರಿಸಿ. ಎರಡು ನಿಮಿಷ ಕಾಯಿರಿ. ಆಮೇಲೆ ತುರಿದ ಚೀಸ್ ಹಾಕಿ. ಪಾತ್ರೆಯಲ್ಲಿರುವ ಬಿಸಿಯೇ ಕರಗಿಸುವುದಕ್ಕೆ ಸಾಕು. ಉರಿ ಇರುವಾಗಲೇ ಹಾಕಿದರೆ ಚೀಸ್ ಒಡೆದು ಎಣ್ಣೆ ಬೇರೆ, ರಬ್ಬರ್ ಬೇರೆ ಆಗುತ್ತದೆ. ಹಗುರ ಪಾತ್ರೆಯಾದರೆ ಕೆಳಗಿಳಿಸಿದ ತಕ್ಷಣ ಅಡುಗೆ ನಿಲ್ಲುತ್ತದೆ. ಇದರಲ್ಲಿ ಕೆಳಗಿಳಿಸಿದ ಮೇಲೂ ನಡೆಯುತ್ತಲೇ ಇರುತ್ತದೆ. ಅದರಿಂದ ಲಾಭವೂ ಇದೆ. ಊಟದ ಮೇಜಿನ ಮೇಲೆ ಮುಚ್ಚಿಟ್ಟರೆ, ಕರೆದರೂ ಬಾರದ ಮಗಳು ಕೊನೆಗೆ ಬಂದು ಕೂತಾಗಲೂ ಬಿಸಿ ಇರುತ್ತದೆ.

ಬ್ರೆಡ್‌ಗೆ ಬರೋಣ. 2006ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಮಾರ್ಕ್ ಬಿಟ್‌ಮನ್ ಅವರು ಬೇಕರಿ ನಡೆಸುತ್ತಿದ್ದ ಜಿಮ್ ಲೇಹಿ ಅವರ ನಾದದೆ ಮಾಡುವ ಬ್ರೆಡ್ ಬಗ್ಗೆ ಬರೆದರು. ಈ ಜಾತಿಯ ಪಾತ್ರೆಗಳು ಎಷ್ಟೋ ಮನೆಗಳಲ್ಲಿ ಬ್ರೆಡ್ ಪಾತ್ರೆ ಆಗಿದ್ದು ಆಮೇಲೆ. ಉಪಾಯ ಸರಳ. ಮೂರು ಕಪ್ ಹಿಟ್ಟು, ಕಾಲು ಟೀ ಚಮಚ ಯೀಸ್ಟ್, ಉಪ್ಪು, ಒಂದೂವರೆ ಕಪ್ ನೀರು. ಕಲಸಿ 12ರಿಂದ 18 ಗಂಟೆ ಬಿಟ್ಟರೆ ನಾದುವ ಕೆಲಸವನ್ನು ಹೊತ್ತೇ ಮಾಡುತ್ತದೆ. ಸಡಿಲವಾದ, ಕೈಗಂಟುವ ಆ ಹಿಟ್ಟನ್ನು 230 ಡಿಗ್ರಿಯಲ್ಲಿ ಚೆನ್ನಾಗಿ ಕಾದ ಪಾತ್ರೆಗೆ ಹಾಕಿ ಮುಚ್ಚಬೇಕು. ಹಿಟ್ಟಿನಿಂದ ಬರುವ ಹಬೆ ಒಳಗೇ ಉಳಿದು ಮೇಲ್ಮೈಯನ್ನು ಒದ್ದೆ ಇಡುತ್ತದೆ. ಹಾಗಾಗಿ ಗಟ್ಟಿಯಾಗುವ ಮೊದಲು ಬ್ರೆಡ್ ಪೂರ್ತಿ ಉಬ್ಬುತ್ತದೆ. ಅರ್ಧ ಗಂಟೆ ಆದ ಮೇಲೆ ಮುಚ್ಚಳ ತೆಗೆದು ಇನ್ನು ಕಾಲು ಗಂಟೆಯಿಂದ ಅರ್ಧ ಗಂಟೆ. ಹೊರಗೆ ತೆಗೆದಾಗ ಸಿಪ್ಪೆ ಚಟಚಟ ಸದ್ದು ಮಾಡುತ್ತದೆ. ಬೇಕರಿಯ ದೊಡ್ಡ ಓವನ್‌ಗಳಲ್ಲಿ ಹಬೆ ಬಿಡುವುದಕ್ಕೆ ಬೇರೆ ವ್ಯವಸ್ಥೆಯೇ ಇರುತ್ತದೆ. ಮನೆಯಲ್ಲಿ ಅದನ್ನು ಈ ಮುಚ್ಚಳ ಮಾಡುತ್ತದೆ.

ಇಲ್ಲಿ ಮುಚ್ಚಳದ ಗುಂಡಿ ಮೇಲೆ ಕಣ್ಣಿರಲಿ. ಕಪ್ಪು ಪ್ಲಾಸ್ಟಿಕ್‌ನಂತೆ ಕಾಣುವ ಗುಂಡಿಗಳು ಇಷ್ಟು ಬಿಸಿಗೆ ಸರಿ ಹೋಗದೆ ಇರಬಹುದು. ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಅಂತ ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ ಬರೆದಿರುತ್ತದೆ. ಲೋಹದ ಗುಂಡಿ ಇರುವುದನ್ನೇ ಕೊಳ್ಳಿ. ಬ್ರೆಡ್‌ಗಾಗಿ ಖಾಲಿ ಪಾತ್ರೆ ಕಾಯಿಸುವುದನ್ನು ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ, ಅದನ್ನೂ ಅದೇ ಚೀಟಿಯಲ್ಲಿ ನೋಡಿಕೊಳ್ಳಿ. ಒಪ್ಪದಿದ್ದರೆ ತಣ್ಣಗಿನ ಪಾತ್ರೆಯಲ್ಲೇ ಹಿಟ್ಟು ಹಾಕಿ ಒಳಗಿಟ್ಟು ಹತ್ತು ನಿಮಿಷ ಜಾಸ್ತಿ ಬೇಯಿಸಿ. ಸ್ವಲ್ಪ ಕಡಿಮೆ ಉಬ್ಬುತ್ತದೆ, ತಿನ್ನುವವರು ದೂರುವುದಿಲ್ಲ.

ಈಗ ಸಿಹಿ. ಹಾಲಿನಲ್ಲಿ ಬೇಯಿಸಿದ ಅಕ್ಕಿಯ ಪುಡಿಂಗ್ ಈ ಪಾತ್ರೆಗಾಗಿಯೇ ಹುಟ್ಟಿದೆಯೇನೋ ಅನ್ನಿಸುತ್ತದೆ. ಒಂದು ಲೀಟರ್ ಗಟ್ಟಿ ಹಾಲು, 100 ಗ್ರಾಂ ಗುಂಡು ಅಕ್ಕಿ, 50 ಗ್ರಾಂ ಸಕ್ಕರೆ, ಚೂರು ಬೆಣ್ಣೆ, ಒಂದು ಚಿಟಿಕೆ ಉಪ್ಪು. ಒಲೆ ಮೇಲೆ ಕುದಿ ಬರಿಸಿ, 150 ಡಿಗ್ರಿಯ ಓವನ್‌ನಲ್ಲಿ ಮುಚ್ಚಳ ಇಲ್ಲದೆ ಎರಡು ಗಂಟೆ. ಮೊದಲ ಒಂದು ಗಂಟೆಯಲ್ಲಿ ಎರಡು ಮೂರು ಸಲ ತಿರುವಿ, ಆಮೇಲೆ ಮುಟ್ಟಬೇಡಿ. ಮೇಲೆ ಕಂದು ಕೆನೆ ಕಟ್ಟುತ್ತದೆ, ಒಳಗೆ ಅಕ್ಕಿ ಹಾಲಿನ ಜೊತೆ ಸೇರಿ ಸಡಿಲವಾದ ಕ್ರೀಮ್ ಆಗುತ್ತದೆ. ಹಾಲು ತಳ ಹಿಡಿಯುವುದು ಅದರಲ್ಲಿರುವ ಪ್ರೋಟೀನ್ ಬಿಸಿಯಾದ ತಳಕ್ಕೆ ಅಂಟಿ ಸೀಯುವುದರಿಂದ. ಒಲೆ ಮೇಲೆ ಬಿಸಿ ಒಂದೇ ಕಡೆಯಿಂದ ಬರುತ್ತದೆ. ಓವನ್‌ನಲ್ಲಿ ದಪ್ಪ ಕಬ್ಬಿಣದ ಸುತ್ತಲಿಂದ ಬರುತ್ತದೆ. ಹಾಗಾಗಿ ತಳ ಹಿಡಿಯುವ ಕಾಟ ಬಹುಪಾಲು ತಪ್ಪುತ್ತದೆ. ಬಡಿಸುವ ಮುಂಚೆ ನಿಮಗೆ ಬೇಕಾದ ಹದಕ್ಕಿಂತ ತೆಳ್ಳಗಿರುವಾಗಲೇ ಹೊರಗೆ ತೆಗೆಯಿರಿ. ಪಾತ್ರೆ ಬಿಸಿ ಬಿಡುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ.

ಸೇಬು ಇನ್ನೂ ಸುಲಭ. ಸಿಪ್ಪೆ ತೆಗೆದು ದಪ್ಪಗೆ ಹೆಚ್ಚಿ, ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಹಾಕಿ ಮುಚ್ಚಿ. ನೀರು ಬೇಡ. ಇಪ್ಪತ್ತು ನಿಮಿಷ. ಮೇಲೆ ಕ್ರೀಮ್ ಹಾಕಿಕೊಂಡರೆ ಮುಗಿಯಿತು.

ಚಾಕೊಲೇಟ್ ಪುಡಿಂಗಿಗೂ ಚಿಂತೆ ಇಲ್ಲ, ಅದರಲ್ಲಿರುವುದು ಕಾರ್ನ್‌ಫ್ಲೋರ್. ಕುದಿ ಹತ್ತಿರ ಬಂದ ಮೇಲೆಯೇ ಅದು ಪೂರ್ತಿ ಗಟ್ಟಿಯಾಗುವುದು, ಪಾತ್ರೆಯ ಬಿಸಿ ಸ್ವಲ್ಪ ಜಾಸ್ತಿ ಆದರೂ ಸಹಿಸಿಕೊಳ್ಳುತ್ತದೆ. ಅದಕ್ಕೆ ಮೊಟ್ಟೆಯ ಹಳದಿಯನ್ನೂ ಹಾಕುವುದಾದರೆ ಒಂದೆರಡು ನಿಮಿಷ ಕುದಿಸಲೇಬೇಕು. ಹಳದಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುತ್ತದೆ. ಕುದಿಸದಿದ್ದರೆ ರಾತ್ರಿ ಗಟ್ಟಿ ಇದ್ದದ್ದು ಬೆಳಗ್ಗೆ ನೀರಾಗಿರುತ್ತದೆ.

ಬರೀ ಹಳದಿ, ಹಾಲು, ಸಕ್ಕರೆಯ ಕಸ್ಟರ್ಡ್‌ಗೆ ಮಾತ್ರ ಈ ಪಾತ್ರೆ ಬೇಡವೇ ಬೇಡ. ಅದು ಗಟ್ಟಿಯಾಗುವುದು 70 ಡಿಗ್ರಿ ದಾಟಿದ ಮೇಲೆ, ಹದ ಬರುವುದು 80ರ ಆಸುಪಾಸು. 85ಕ್ಕೆ ಹೋದರೆ ಒಡೆದು ಗಂಟುಗಂಟು. ಅಷ್ಟು ಸಣ್ಣ ಕಿಂಡಿಯಲ್ಲಿ ನಿಲ್ಲಬೇಕಾದರೆ ಉರಿ ಆರಿಸಿದ ಕ್ಷಣಕ್ಕೆ ಬಿಸಿ ನಿಲ್ಲಬೇಕು. ಇದು ನಿಲ್ಲಿಸುವುದಿಲ್ಲ, ದಿಣ್ಣೆ ಇಳಿಯುವ ತುಂಬಿದ ಗಾಡಿಯ ಹಾಗೆ ಮುಂದಕ್ಕೇ ಹೋಗುತ್ತದೆ. ತೆಳು ಸ್ಟೀಲ್ ಪಾತ್ರೆ, ಪಕ್ಕದಲ್ಲಿ ತಣ್ಣೀರಿನ ಬಟ್ಟಲು, ಒಂದು ಥರ್ಮಾಮೀಟರ್. ಕಸ್ಟರ್ಡ್‌ಗೆ ಬೇಕಾಗಿದ್ದು ಅಷ್ಟೇ.

ಕ್ಯಾರಮೆಲ್ ಕೂಡ ಹಾಗೇ. ಸಕ್ಕರೆ 170 ಡಿಗ್ರಿ ಹತ್ತಿರ ಚಿನ್ನದ ಬಣ್ಣ, ಇನ್ನು ಸ್ವಲ್ಪ ಮೇಲೆ ಜೇನಿನ ಕಂದು, ಅಲ್ಲಿಂದ ಕಹಿಗೆ ಹೆಚ್ಚು ದೂರ ಇಲ್ಲ. ಕೆನೆ ಬಣ್ಣದ ತಳದಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ ಅನ್ನುವುದು ಒಂದು ಸಮಾಧಾನ. ಇದರಲ್ಲಿಯೇ ಮಾಡುತ್ತೇನೆ ಅನ್ನುವವರು ಬೇಕಾದ ಬಣ್ಣಕ್ಕಿಂತ ಎರಡು ಮೆಟ್ಟಿಲು ತಿಳಿ ಇರುವಾಗಲೇ ಉರಿ ಆರಿಸಿ, ಅಳೆದಿಟ್ಟ ಕ್ರೀಮನ್ನು ತಡಮಾಡದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಆ ಕ್ರೀಮ್ ಬೆಚ್ಚಗಿರಲಿ, ಫ್ರಿಜ್‌ನಿಂದ ನೇರ ತಂದದ್ದು ಬೇಡ. ಹಾಕಿದ ಕೂಡಲೇ ಉಕ್ಕುತ್ತದೆ, ಮುಖ ದೂರ ಇಡಿ. ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ.

ಕಸ್ಟರ್ಡ್‌ಗೆ ಬಾರದು ಅಂದೆ, ಆದರೆ ಹಿಂಬಾಗಿಲಿನಿಂದ ಬರುತ್ತದೆ. ಸಣ್ಣ ಸಣ್ಣ ಪಿಂಗಾಣಿ ಬಟ್ಟಲುಗಳಿಗೆ ಕಸ್ಟರ್ಡ್ ಮಿಶ್ರಣ ಹಾಕಿ, ಈ ಪಾತ್ರೆಯ ತಳಕ್ಕೆ ಒಂದು ಬಟ್ಟೆ ಹಾಸಿ, ಬಟ್ಟಲುಗಳನ್ನು ಇಟ್ಟು, ಅರ್ಧದವರೆಗೆ ಬಿಸಿನೀರು ಹಾಕುತ್ತೇನೆ. ಮುಚ್ಚಳಕ್ಕೆ ಒಣಬಟ್ಟೆ ಕಟ್ಟುತ್ತೇನೆ, ಇಲ್ಲದಿದ್ದರೆ ಹನಿ ಬಿದ್ದು ಕಸ್ಟರ್ಡ್ ಮೇಲೆ ಗುಳಿ ಬೀಳುತ್ತದೆ. ಬಟ್ಟೆಯ ತುದಿಗಳು ಉರಿಗೆ ತಾಗದಂತೆ ಮೇಲಕ್ಕೆ ಮಡಚಿ. ನೀರು ಕುದಿಯಬಾರದು, ಸುಮ್ಮನೆ ನಡುಗುತ್ತಿರಬೇಕು. ಅಂಚು ಗಟ್ಟಿಯಾಗಿ ನಡು ಇನ್ನೂ ಅಲ್ಲಾಡುತ್ತಿರುವಾಗ ಬಟ್ಟಲುಗಳನ್ನು ನೀರಿನಿಂದ ಹೊರಗೆ ತೆಗೆಯಿರಿ. ಬಿಸಿ ಬಿಡದ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ನೀರಿನ ಬಿಸಿ ಮೇಲೆ ಕೆಳಗೆ ಆಗುವುದಿಲ್ಲ.

ಇನ್ನು ದೂರುಗಳು. ಮೊದಲು ಬಂದ ಪಾತ್ರೆಯ ಬಾಯಿ ಹತ್ತಿರ ಲೇಪ ಎದ್ದಿತ್ತು. ಬದಲಾಯಿಸಿ ಕೊಟ್ಟರು, ಅದಕ್ಕೆ ಫೋನ್ ಮೇಲೆ ಫೋನ್ ಮಾಡಬೇಕಾಯಿತು. ಎರಡನೆಯದರಲ್ಲಿ ಆ ತೊಂದರೆ ಇಲ್ಲ. ಆದರೆ ಮುಚ್ಚಳದ ಗುಂಡಿಯ ಸ್ಕ್ರೂ ಆಗಾಗ ಸಡಿಲವಾಗುತ್ತದೆ. ಪಕ್ಕದ ಹಿಡಿಗಳು ತೀರಾ ಚಿಕ್ಕವು. ದಪ್ಪ ಬಟ್ಟೆ ಹಿಡಿದರೆ ಎರಡು ಬೆರಳಷ್ಟೇ ಒಳಗೆ ಹೋಗುತ್ತವೆ. ಹಿಡಿಗಳೂ ಕಬ್ಬಿಣವೇ ಆದ್ದರಿಂದ ಪಾತ್ರೆಯಷ್ಟೇ ಬಿಸಿಯಾಗುತ್ತವೆ. ಓವನ್‌ನಿಂದ ಹೊರಬಂದ ಮೇಲೆ ಅರ್ಧ ಗಂಟೆ ಆದರೂ ಸುಡುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ನಾನು ಹಿಡಿಗಳ ಮೇಲೆ ಬಟ್ಟೆ ಹಾಕಿಯೇ ಇಡುತ್ತೇನೆ. ಮನೆಯಲ್ಲಿ ಎಲ್ಲರಿಗೂ ಅದೇ ಗುರುತು.

ತೊಳೆಯುವುದು ಕಷ್ಟವಲ್ಲ. ತಳ ಹಿಡಿದಿದ್ದರೆ ನೀರು ಹಾಕಿ ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸಿ, ಮರದ ಸೌಟಿನಿಂದ ಒತ್ತಿದರೆ ಎದ್ದು ಬರುತ್ತದೆ. ಸ್ಟೀಲ್ ಉಜ್ಜುಬಲೆ ಬೇಡ. ಗೀರು ಬಿದ್ದರೆ ಹೊಳಪು ಹೋಗಿ ಮುಂದಿನ ಸಲದಿಂದ ಇನ್ನೂ ಜಾಸ್ತಿ ಅಂಟುತ್ತದೆ. ಕೆನೆ ಬಣ್ಣ ಕಾಲಕ್ರಮೇಣ ಸ್ವಲ್ಪ ಕಂದಾಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಚ್ಚಳ ಕೂರುವ ಅಂಚಿನಲ್ಲಿ ಎಷ್ಟೋ ಪಾತ್ರೆಗಳಲ್ಲಿ ಪೂರ್ತಿ ಎನಾಮೆಲ್ ಇರುವುದಿಲ್ಲ. ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಒರೆಸಿಡಿ. ಒಳಗಿನ ಲೇಪ ಚಕ್ಕೆ ಎದ್ದರೆ ಮಾತ್ರ ಅದರಲ್ಲಿ ಅಡುಗೆ ನಿಲ್ಲಿಸಿ. ಎದ್ದು ಬರುವುದು ಗಾಜಿನ ಚೂರು. ಗಾಜಿನ ಒಲೆ ಇರುವವರು ಪಾತ್ರೆಯನ್ನು ಎಳೆಯಬಾರದು, ಎತ್ತಿ ಇಡಬೇಕು. ಇಂಡಕ್ಷನ್ ಒಲೆಗೆ ಆಗುತ್ತದೆ, ಕಬ್ಬಿಣ ಅಲ್ವಾ.

ಎಷ್ಟು ದೊಡ್ಡದು ಬೇಕು? ನಾಲ್ಕು ಜನಕ್ಕೆ ನಾಲ್ಕೂವರೆಯಿಂದ ಐದೂವರೆ ಲೀಟರ್. ಉದ್ದನೆಯ ಮೊಟ್ಟೆ ಆಕಾರದ್ದು ನೋಡುವುದಕ್ಕೆ ಚೆಂದ. ಆದರೆ ಒಲೆ ದುಂಡಗಿದೆ, ಮತ್ತು ಬೀಡು ಬಿಸಿಯನ್ನು ಬದಿಗೆ ಬೇಗ ಸಾಗಿಸುವುದಿಲ್ಲ ಅಂತ ಆಗಲೇ ಹೇಳಿದೆ. ದುಂಡಗಿನದೇ ತೆಗೆದುಕೊಳ್ಳಿ. ಓವನ್ ಇಲ್ಲದವರಿಗೆ ಇದರ ಅರ್ಧ ಉಪಯೋಗವಷ್ಟೇ ಸಿಗುತ್ತದೆ. ಅಂಥವರು ದಪ್ಪ ತಳದ ಸ್ಟೀಲ್ ಪಾತ್ರೆ ಕೊಂಡರೆ ಸಾಕು, ಸೂಪು ಕಾಳು ಎರಡೂ ಅದರಲ್ಲಿ ಆಗುತ್ತವೆ.

ಕೊಳ್ಳುವ ಮುಂಚೆ ಎತ್ತಿ ನೋಡಿ, ಖಾಲಿಯದನ್ನಲ್ಲ. ನಾಲ್ಕು ಲೀಟರ್ ಸೂಪ್ ಹಾಕಿದರೆ ಇದು ಒಂಬತ್ತು ಕಿಲೋ ದಾಟುತ್ತದೆ. ಅದನ್ನು ಓವನ್‌ನಿಂದ ಬಗ್ಗಿ ಎತ್ತಬೇಕು, ಬಿಸಿ ಹಿಡಿಗಳಲ್ಲಿ, ದಪ್ಪ ಬಟ್ಟೆ ಹಿಡಿದು. ನನ್ನ ಎಡ ಮಣಿಕಟ್ಟು ಅಷ್ಟು ಗಟ್ಟಿಯಿಲ್ಲ, ತುಂಬಿದ್ದಾಗ ಮನೆಯವರನ್ನು ಕರೆಯುತ್ತೇನೆ. ಅತ್ತೆಗಂತೂ ಮುಚ್ಚಳ ಎತ್ತುವುದೇ ಸಾಹಸ. ಸೌಟಿನಲ್ಲಿ ಬಡಿಸಿಕೊಳ್ಳುತ್ತಾರೆ, ಪಾತ್ರೆ ಮುಟ್ಟುವುದಿಲ್ಲ. ಒಬ್ಬರೇ ಇರುವವರು, ಕೈನೋವು ಇರುವವರು ಮೂರು ಲೀಟರಿನದು ನೋಡಿ. ಅದೂ ಭಾರವಾದರೆ ಈ ಜಾತಿಯ ಪಾತ್ರೆಯನ್ನೇ ಬಿಟ್ಟುಬಿಡಿ.